ಮನೆ ಒಂದು, ಹೆಸರು ಎರಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರಿಲ್ಲ. ಸಂಸಾರದ ಎರಡು ಮಹಾಭಾರಗಳನ್ನು ಹಿರಿಯರು ಒಂದೇ ಮಾತಿನಲ್ಲಿ ಹಿಡಿದಿಟ್ಟಿದ್ದಾರೆ. ಆದರೆ ಮದುವೆಯೇ ಮುರಿದಾಗ ಕೂಡಿ ಕಟ್ಟಿದ ಮನೆಯ ಗತಿಯೇನೆಂಬುದನ್ನು ಗಾದೆ ಹೇಳುವುದಿಲ್ಲ. ಒಡೆದ ಮನಸ್ಸುಗಳು ಮರಳಿ ಕೂಡಲಿ ಎಂಬುದೇ ನಮ್ಮೆಲ್ಲರ ಹಾರೈಕೆ. ಕೂಡದೆ ಹೋದರೆ, ಮನೆಯ ವ್ಯಾಜ್ಯವಾದರೂ ಮಕ್ಕಳ ಬಾಳನ್ನು ಕೆಡಿಸದಿರಲಿ.

ಹಿಂದೆ ಮನೆಯು ಹಿರಿಯರ ಹೆಸರಿನಲ್ಲಿರುತ್ತಿತ್ತು. ಈಗ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಂತಹ ಗ್ರಾಮಗಳವರಿಗೂ ಜಂಟಿ ಹೆಸರಿನ ಮನೆ ಅಪರಿಚಿತವಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಗಳು ಸಾಮಾನ್ಯವಾಗಿ ಪತಿಪತ್ನಿಯರಿಬ್ಬರ ಹೆಸರಿಗೆ, ಇಲ್ಲವೆ ಪತ್ನಿಯ ಹೆಸರಿಗೆ ಮಂಜೂರಾಗುತ್ತವೆ. ದಾವಣಗೆರೆ, ಹೊಸಪೇಟೆ, ಬೆಂಗಳೂರುಗಳಲ್ಲಿ ನೌಕರಿಯಲ್ಲಿರುವ ದಂಪತಿಗಳು ಇಬ್ಬರ ಸಂಬಳವನ್ನೂ ತೋರಿಸಿ ಬ್ಯಾಂಕಿನ ಸಾಲದಿಂದ ಮನೆ ಮಾಡಿಕೊಳ್ಳುತ್ತಾರೆ.

ಕಾನೂನು ಏನು ಹೇಳುತ್ತದೆ?

1955ರ ಹಿಂದೂ ವಿವಾಹ ಕಾಯ್ದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಆದರೆ ಅದರ 27ನೆಯ ಕಲಮು ಮದುವೆಯ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳ ವಿಷಯವನ್ನಷ್ಟೇ ಹೇಳುತ್ತದೆ. ಆನಂತರ ಕೊಂಡ ಮನೆಯನ್ನು ಹಂಚುವ ನಿಯಮ ಅದರಲ್ಲಿಲ್ಲ. ನೆರೆಯ ಗೋವೆಯಲ್ಲಿ ಪೋರ್ಚುಗೀಸರ ಕಾಲದ ಸಂಹಿತೆಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ದಂಪತಿಗಳ ಆಸ್ತಿಯಲ್ಲಿ ಇಬ್ಬರಿಗೂ ಸಮಭಾಗ. ನಮ್ಮಲ್ಲಿ ಹಾಗಿಲ್ಲ. ವಿಚ್ಛೇದನವಾದ ಮಾತ್ರಕ್ಕೆ ಮನೆ ತಾನಾಗಿ ಪಾಲಾಗುವುದಿಲ್ಲ. ತವರಿಗೆ ಹೋದ ಮಾತ್ರಕ್ಕೆ ಹೆಣ್ಣುಮಗಳ ಹಕ್ಕು ಅಳಿಯುವುದೂ ಇಲ್ಲ.

ಪಾಲು ಎಷ್ಟೆಂಬ ಪ್ರಶ್ನೆಗೆ ಕ್ರಯಪತ್ರವನ್ನು ಮೊದಲು ನೋಡಬೇಕು. ಅದರಲ್ಲಿ ಭಾಗ ನಮೂದಾಗಿರದಿದ್ದರೆ, ಬೇರೆ ಕರಾರೂ ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೆಯ ಕಲಮಿನಂತೆ ಯಾರು ಎಷ್ಟು ಹಣ ಹಾಕಿದರೋ ಅಷ್ಟು ಪಾಲು. ಲೆಕ್ಕವೇ ಸಿಗದಿದ್ದರೆ ಸಮಪಾಲೆಂದು ಭಾವಿಸಲಾಗುತ್ತದೆ. ಆದುದರಿಂದ ಪಾಸ್‌ಬುಕ್ಕು, ಸಾಲದ ಕಂತಿನ ರಸೀದಿ, ತವರಿನ ಬಂಗಾರ ಮಾರಿದ ಚೀಟಿ ಇವೆಲ್ಲವನ್ನೂ ಜೋಪಾನವಾಗಿಡಬೇಕು. ಹೆಣ್ಣಿನ ಬಂಗಾರ ಮನೆಯ ಗೋಡೆಯೊಳಗೆ ಸೇರಿಹೋಗಿ ಲೆಕ್ಕಕ್ಕೆ ಸಿಗದಂತಾಗುವುದೇ ಹೆಚ್ಚು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ತನ್ನ ಮಿತಾಕ್ಷರದಲ್ಲಿ ಸ್ತ್ರೀಧನಕ್ಕೆ ವಿಶಾಲವಾದ ಅರ್ಥವನ್ನು ಕೊಟ್ಟಿದ್ದನು. ಸ್ತ್ರೀಧನದ ಒಡೆತನ ಸ್ತ್ರೀಯದೇ ಎಂದು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಮೂರು ದಾರಿಗಳು

ಮೊದಲನೆಯದು, ಒಬ್ಬರು ಮನೆಯನ್ನು ಇಟ್ಟುಕೊಂಡು ಇನ್ನೊಬ್ಬರಿಗೆ ಹಣ ಕೊಡುವುದು. ಮನೆಯ ಬೆಲೆ 30 ಲಕ್ಷ, ಉಳಿದಿರುವ ಸಾಲ 10 ಲಕ್ಷ ಎಂದಿಟ್ಟುಕೊಳ್ಳೋಣ. ಸಾಲ ಕಳೆದು ಉಳಿಯುವುದು 20 ಲಕ್ಷ. ಸಮಪಾಲಾದರೆ ತಲಾ 10 ಲಕ್ಷ. ಮನೆ ಉಳಿಸಿಕೊಳ್ಳುವವರು ಇಷ್ಟನ್ನು ಕೊಟ್ಟು, ಸಾಲದ ಹೊಣೆಯನ್ನೂ ಹೊರಬೇಕು. ಇಬ್ಬರೂ ಸಹಿ ಹಾಕಿದ ಸಾಲವನ್ನು ಬ್ಯಾಂಕು ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿಯಾಗಿ ಕೇಳಬಲ್ಲದು. ಆದುದರಿಂದ ಬಿಟ್ಟುಹೋಗುವವರ ಹೆಸರನ್ನು ಬ್ಯಾಂಕಿನ ಲಿಖಿತ ಒಪ್ಪಿಗೆಯಿಂದ ಸಾಲದಿಂದ ತೆಗೆಸದಿದ್ದರೆ, ಮನೆಯಿಲ್ಲದವರ ತಲೆಯ ಮೇಲೆ ಸಾಲ ಮಾತ್ರ ಉಳಿದೀತು.

ಎರಡನೆಯದು, ಇಬ್ಬರೂ ಒಪ್ಪಿ ಮಾರಿ, ಸಾಲ ತೀರಿಸಿ, ಉಳಿದುದನ್ನು ಹಂಚಿಕೊಳ್ಳುವುದು. ಮೂರನೆಯದು, ಮಕ್ಕಳ ವಿದ್ಯಾಭ್ಯಾಸ ಮುಗಿಯುವವರೆಗೆ ಮನೆಯನ್ನು ಜಂಟಿಯಾಗಿಯೇ ಇರಿಸಿ, ಮಕ್ಕಳೊಡನಿರುವವರಿಗೆ ವಾಸಕ್ಕೆ ಬಿಡುವುದು. ಆಗ ಕಂದಾಯ, ದುರಸ್ತಿ, ಕಂತು ಯಾರ ಪಾಲಿಗೆ, ಮಾರುವುದು ಯಾವಾಗ ಎಂಬುದು ಕರಾರಿನಲ್ಲಿ ಬರೆದಿರಬೇಕು. ಮಕ್ಕಳು ಚಿಕ್ಕವರಿರುವಲ್ಲಿ ಈ ದಾರಿಯೇ ಲೇಸೆಂದು ನಮ್ಮ ಅಭಿಪ್ರಾಯ.

ಯಾವುದಕ್ಕೂ ಒಪ್ಪದಿದ್ದರೆ ಉಳಿಯುವುದು ನ್ಯಾಯಾಲಯ. ದಂಪತಿಗಳ ಆಸ್ತಿಯ ವ್ಯಾಜ್ಯವನ್ನು ಕೇಳುವ ಅಧಿಕಾರ 1984ರ ಕಾಯ್ದೆಯಂತೆ ಕೌಟುಂಬಿಕ ನ್ಯಾಯಾಲಯಕ್ಕಿದೆ. ಹೋಳು ಮಾಡಲಾಗದ ಮನೆಯನ್ನು 1893ರ ವಿಭಾಗ ಕಾಯ್ದೆಯಂತೆ ಮಾರಿಸಿ ಹಣ ಹಂಚಬಹುದು. ದೌರ್ಜನ್ಯಕ್ಕೊಳಗಾದ ಹೆಣ್ಣುಮಗಳನ್ನು ಮನೆಯಿಂದ ಹೊರಹಾಕದಂತೆ, ಮನೆಯನ್ನು ಪರಭಾರೆ ಮಾಡದಂತೆ ತಡೆಯುವ ಅಧಿಕಾರವನ್ನು 2005ರ ಕಾಯ್ದೆಯು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ.

ಹಿರಿಯರ ಮುಂದೆ ಆದ ಮಾತು

ನಮ್ಮ ಸೀಮೆಯಲ್ಲಿ ಇಂತಹ ವಿವಾದಗಳು ಮೊದಲು ದೈವದವರ ಮುಂದೆ, ಮಠದ ಪೂಜ್ಯರ ಮುಂದೆ ಬರುತ್ತವೆ. ಸೋಮವಾರಗಳಂದು ನಡೆಯುವ ಸಿರಿಗೆರೆಯ ಸದ್ಧರ್ಮ ನ್ಯಾಯಪೀಠ ಇದಕ್ಕೆ ಪ್ರಸಿದ್ಧವಾಗಿದೆ. ಹಿರಿಯರ ಸಮ್ಮುಖದಲ್ಲಿ ಕೋಪ ಇಳಿಯುತ್ತದೆ, ಖರ್ಚು ಉಳಿಯುತ್ತದೆ. ಆದರೆ ಅಲ್ಲಿ ಆದ ಒಪ್ಪಂದ ಅಲ್ಲಿಗೇ ನಿಲ್ಲಬಾರದು. ಮನೆಯ ಪಾಲನ್ನು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರವು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಬೇಕು. ಇಲ್ಲವೆ ರಾಜಿಯು ನ್ಯಾಯಾಲಯದಲ್ಲಿ ಡಿಕ್ರಿಯಾಗಬೇಕು. ಪಂಚಾಯಿತಿಯ ಖಾತೆಯನ್ನು ಬದಲಿಸಿದರೆ ಸಾಲದು. ಖಾತೆಯು ತೆರಿಗೆಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಲೋಕ ಅದಾಲತ್ತಿನ ತೀರ್ಪಿಗೆ ಸಿವಿಲ್ ಡಿಕ್ರಿಯ ಬಲವಿದೆ. ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕೂ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು.

ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದಿನ ಹಳಗನ್ನಡ ಶಾಸನಗಳಿವೆ. ಮನಸಾರೆ ಕೊಟ್ಟ ದಾನವನ್ನೂ ಕಲ್ಲಿನಲ್ಲಿ ಬರೆಯಿಸಿದವರು ನಮ್ಮ ಪೂರ್ವಿಕರು. ಪ್ರೀತಿಯಿಂದ ಕೊಟ್ಟದ್ದಕ್ಕೇ ಬರಹ ಬೇಕಾಗಿದ್ದರೆ, ಮನಸ್ಸು ಮುರಿದ ಮೇಲೆ ಹಂಚಿಕೊಳ್ಳುವುದಕ್ಕೆ ಬರಹ ಬೇಡವೇ? ಮಗಳ ಕಡೆಯವರಾಗಲಿ, ಮಗನ ಕಡೆಯವರಾಗಲಿ, ರಾಜಿಗೆ ಕುಳಿತ ಹಿರಿಯರು ಪತ್ರ ನೋಂದಣಿಯಾಗಿ ಕೈಸೇರುವವರೆಗೆ ತಮ್ಮ ಕೆಲಸ ಮುಗಿಯಿತೆಂದು ಎದ್ದುಹೋಗದಿರಲಿ.