ಡ್ರಮ್ ಇಟ್ಟರೆ ಮಳೆಕೊಯ್ಲು ಮುಗಿಯಿತೇ?

“ನಮ್ಮೂರಲ್ಲಿ ಮಳೆಯೇ ಕಮ್ಮಿ, ಹಿಡಿದಿಟ್ಟು ಏನು ಮಾಡೋದು?” ಟ್ಯಾಂಕರ್‌ಗೆ ಫೋನ್ ಮಾಡುತ್ತಲೇ ಬೆಂಗಳೂರಿಗರು ಆಡುವ ಮಾತಿದು. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಸಾವಿರ ಚದರಡಿ ತಾರಸಿ ಎಂದರೆ 93 ಚದರ ಮೀಟರ್. ಪೋಲಾಗುವುದನ್ನು ಕಳೆದರೂ ವರ್ಷಕ್ಕೆ 70 ಸಾವಿರ ಲೀಟರಿಗೆ ಮೋಸವಿಲ್ಲ.

ನಿಜವಾಗಿ ನೋಡಬೇಕಾದ್ದು ಮಳೆ ಎಷ್ಟು ಎಂಬುದಕ್ಕಿಂತ ಎರಡು ಮಳೆಗಳ ನಡುವಿನ ಬಿಡುವನ್ನು. ಮಂಗಳೂರಿನಲ್ಲಿ 3,500 ಮಿ.ಮೀ.ಗೂ ಹೆಚ್ಚು ಸುರಿದರೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಮುಗಿಯುತ್ತದೆ. ಆಗ ತುಂಬಿಸಿದ ಡ್ರಮ್ ಮಾರ್ಚ್ ತಿಂಗಳ ಬಾಯಾರಿಕೆಗೆ ಒದಗದು; ಅಲ್ಲಿ ಮಾಡಿನ ನೀರನ್ನು ಸೋಸಿ ಬಾವಿಗಿಳಿಸುವುದೇ ಜಾಣತನ. ಬೆಂಗಳೂರಿನಲ್ಲಾದರೋ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬಿಟ್ಟು ಬಿಟ್ಟು ಮಳೆ. ಖಾಲಿಯಾದ ಡ್ರಮ್ ಮತ್ತೆ ಮತ್ತೆ ತುಂಬುತ್ತದೆ. ಕಡಿಮೆ ಮಳೆಯ ಊರಿಗೇ ಡ್ರಮ್ ಹೆಚ್ಚು ಒಗ್ಗುತ್ತದೆ!

ಹಾಗೆಂದು ಒಂದು ಡ್ರಮ್ ಇಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಸಾವಿರ ಚದರಡಿ ತಾರಸಿಯಿದ್ದರೆ 200 ಲೀಟರಿನ ನೀಲಿ ಡ್ರಮ್ ಮೂರು ಮಿ.ಮೀ. ಮಳೆಗೇ ತುಂಬಿಬಿಡುತ್ತದೆ. ಒಂದು ಜೋರು ಮಳೆಯಲ್ಲಿ ಅದಕ್ಕಿಂತ ಎಷ್ಟೋ ಪಾಲು ನೀರು ಹೊರಗೆ ಹೋಗುತ್ತದೆ. ಅದು ಸಂಪಿಗೋ ಇಂಗುಗುಂಡಿಗೋ ಹೋಗಬೇಕು, ಮನೆಯ ಪಾಯಕ್ಕಲ್ಲ.

“ಆಕಾಶದ ನೀರು, ಹಾಗೇ ಕುಡಿಯಬಹುದು” ಎನ್ನುವವರು ತಾರಸಿಯ ಪಾರಿವಾಳಗಳನ್ನು ಮರೆತಿರುತ್ತಾರೆ. ಮೊದಲ ಕೆಲವು ನಿಮಿಷಗಳ ನೀರನ್ನು ಹೊರಗೆ ಬಿಡಬೇಕು. ಉಳಿದದ್ದನ್ನೂ ಸೋಸಿ, ಕುದಿಸಿಯೇ ಕುಡಿಯಬೇಕು. “ಮಳೆ ನೀರು ಗಿಡಕ್ಕಷ್ಟೇ” ಎಂಬ ತದ್ವಿರುದ್ಧ ಮಾತೂ ಸರಿಯಲ್ಲ. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ‘ಸೌರಭ’ ಮನೆ 1990ರ ದಶಕದಿಂದಲೂ ಮಳೆ ನೀರನ್ನೇ ನೆಚ್ಚಿಕೊಂಡಿದೆ. ಮಳೆ ನೀರು ಬೋರ್‌ವೆಲ್ ನೀರಿನಂತೆ ಗೀಸರಿನಲ್ಲಿ ಬಿಳಿ ಪದರ ಕಟ್ಟದು, ಬೇಳೆಯೂ ಬೇಗ ಬೇಯುತ್ತದೆ.

ಇನ್ನು ಸೊಳ್ಳೆ. “ನೀರು ತಿಳಿಯಾಗಿದೆಯಲ್ಲ, ಭಯವೇಕೆ?” ಎಂಬುದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತಿಳಿನೀರೇ ಇಷ್ಟ. ಅದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಕರಿಚುಕ್ಕೆಯಂಥ ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದೊಡನೆ ಒಡೆಯುತ್ತವೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಬೇಕು. ಬಿಗಿಯಾದ ಮುಚ್ಚಳ, ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಇರಲೇಬೇಕು. ಬೆಳಕು ಹಾಯದ ಡ್ರಮ್ಮಾದರೆ ಪಾಚಿಯೂ ಕಟ್ಟದು.

ತುಂಬಿದ ಡ್ರಮ್ 200 ಕಿಲೋಗೂ ಹೆಚ್ಚು ತೂಗುತ್ತದೆ. ಹಸಿ ಮಣ್ಣಿನ ಮೇಲೆ ನಾಲ್ಕು ಇಟ್ಟಿಗೆ ಇಟ್ಟು ಕೂರಿಸಬೇಡಿ, ಗಟ್ಟಿ ಕಟ್ಟೆ ಕಟ್ಟಿಸಿ.