ಪ್ರಾಟೆಸ್ಟೆಂಟ್ ಚರ್ಚ್ ಕಟ್ಟಡಗಳ ವಾಸ್ತುರೂಪ: ದುರಸ್ತಿಗೆ ಅರ್ಜಿ ಸಲ್ಲಿಸುವವರಿಗೆ ಮಾಹಿತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಹಳೆಯ ಚರ್ಚ್ ಕಟ್ಟಡಗಳ ದುರಸ್ತಿ ಅಥವಾ ಪುನರ್‌ನಿರ್ಮಾಣಕ್ಕೆ ಅರ್ಜಿ ಸಲ್ಲಿಸುವ ಸಭೆಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ
ಚಿತ್ರದುರ್ಗವನ್ನು ಒಳಗೊಂಡಿದ್ದ ಹಳೆಯ ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ ಮತ್ತು ಲಂಡನ್ ಮಿಷನ್ ಕನ್ನಡ ಸಭೆಗಳನ್ನು ಸ್ಥಾಪಿಸಿದವು. ಈ ಪರಂಪರೆಗಳು ಆಂಗ್ಲಿಕನ್ ಸಭೆಗಳೊಡನೆ ಕೂಡಿ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು (ಸಿ.ಎಸ್.ಐ.) ರೂಪುಗೊಂಡಿತು. ಶಿಲುಬೆಯೊಡನೆ ಕಮಲವನ್ನು ಹೊಂದಿರುವ ಅದರ ಲಾಂಛನವು ಧರ್ಮಶ್ರದ್ಧೆ ಮತ್ತು ನಾಡಿನ ಸಂಸ್ಕೃತಿ ಎರಡನ್ನೂ ಸೂಚಿಸುತ್ತದೆ.

ವಾಸ್ತುರೂಪ
ಪ್ರಾಟೆಸ್ಟೆಂಟ್ ಆರಾಧನೆಯಲ್ಲಿ ವಾಕ್ಯಬೋಧನೆಗೆ ಪ್ರಾಧಾನ್ಯವಿರುವುದರಿಂದ, ಬೋಧಪೀಠವು ಎಲ್ಲರಿಗೂ ಕಾಣುವಂತಹ ಸರಳ, ಉದ್ದನೆಯ ಸಭಾಂಗಣವೇ ಸಾಮಾನ್ಯ ರೂಪವಾಗಿದೆ. ಹೊರರೂಪ ಮಾತ್ರ ಭಿನ್ನವಾಗಿರುತ್ತದೆ. ಬೆಂಗಳೂರಿನ ಎರಡು ಕನ್ನಡ ಚರ್ಚ್‌ಗಳ ಪೈಕಿ 1904ರ ಹಡ್ಸನ್ ಸ್ಮಾರಕ ಚರ್ಚ್ ಗಾಥಿಕ್ ಶೈಲಿಯಲ್ಲಿದ್ದರೆ, ರೈಸ್ ಸ್ಮಾರಕ ಚರ್ಚ್ ಪ್ರಾಚೀನ ಗ್ರೀಕ್ ಮಾದರಿಯ ಕಂಬಗಳನ್ನು ಹೊಂದಿದೆ. ತೆಲಂಗಾಣದ ದೋರ್ನಕಲ್‌ನಲ್ಲಿ ಬಿಷಪ್ ಅಜರಾಯ ಅವರ ಕಾಲದಲ್ಲಿ ನಿರ್ಮಾಣವಾಗಿ 1939ರಲ್ಲಿ ಪ್ರತಿಷ್ಠೆಗೊಂಡ ಕೆಥೆಡ್ರಲ್‌ನಲ್ಲಿ ದೇವಾಲಯ ಮತ್ತು ಮಸೀದಿಗಳ ಅಂಶಗಳನ್ನು ಅಳವಡಿಸಲಾಗಿದೆ. ಕ್ರೈಸ್ತ ಆರಾಧನೆಗೆ ಪರದೇಶದ ರೂಪವೇ ಆಗಬೇಕೆಂದಿಲ್ಲ ಎಂಬುದಕ್ಕೆ ಇದು ನಿದರ್ಶನ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಪ್ರಚಾರಕ್ಕೆ ಬಂದ ಮಂಗಳೂರು ಹೆಂಚು, ಮನೆ, ಶಾಲೆ, ಚರ್ಚ್‌ಗಳೆಲ್ಲಕ್ಕೂ ಸಮಾನವಾದ ಮಾಡನ್ನು ಒದಗಿಸಿತು.

ದುರಸ್ತಿಗೆ ಮುನ್ನ
1. ಗಾರೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದಲ್ಲಿ ತೇವಾಂಶವು ಒಳಗೇ ಉಳಿದು ಗೋಡೆ ಶಿಥಿಲವಾಗುವ ಸಂಭವವಿರುತ್ತದೆ. ಆದುದರಿಂದ ಸುಣ್ಣದ ಗಾರೆಯನ್ನೇ ಬಳಸುವುದು ಸೂಕ್ತ.
2. ಹೆಂಚಿನ ಮಾಡನ್ನು ತೆಗೆದು ಕಾಂಕ್ರೀಟ್ ತಾರಸಿ ಹಾಕುವ ಮುನ್ನ, ಹಳೆಯ ಗೋಡೆಗಳು ಆ ಭಾರವನ್ನು ತಾಳಬಲ್ಲವೇ ಎಂಬುದನ್ನು ಇಂಜಿನಿಯರರಿಂದ ಪರಿಶೀಲಿಸಿಕೊಳ್ಳತಕ್ಕದ್ದು.
3. ಕಮಾನು, ಕಿಟಕಿ, ಗಂಟೆಗೋಪುರ ಹಾಗೂ ಶಿಲಾಫಲಕಗಳ ಛಾಯಾಚಿತ್ರಗಳನ್ನು ಮತ್ತು ಅಳತೆಗಳನ್ನು ಕೆಲಸಕ್ಕೆ ಮೊದಲೇ ದಾಖಲಿಸಿಡುವುದು.
4. ಚಿತ್ರದುರ್ಗದ ಕೋಟೆಯು ಕೇಂದ್ರ ಸಂರಕ್ಷಿತ ಸ್ಮಾರಕವಾಗಿದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣವನ್ನು ನಿಷೇಧಿಸಲಾಗಿದ್ದು, ದುರಸ್ತಿಗೆ ಪೂರ್ವಾನುಮತಿ ಅಗತ್ಯ. ಅದರಾಚೆಯ 200 ಮೀಟರ್ ವಲಯದಲ್ಲಿ ನಿರ್ಮಾಣ ಮತ್ತು ದುರಸ್ತಿ ಎರಡಕ್ಕೂ ಅನುಮತಿ ಪಡೆಯಬೇಕು.

ಒಮ್ಮೆ ಕೆಡವಿದ ಹಳೆಯ ಕಟ್ಟಡವನ್ನು ಮರಳಿ ಪಡೆಯಲಾಗದು. ತಲೆಮಾರುಗಳ ವಿವಾಹ, ದೀಕ್ಷಾಸ್ನಾನ, ಅಂತ್ಯಕ್ರಿಯೆಗಳಿಗೆ ಸಾಕ್ಷಿಯಾದ ಗೋಡೆಗಳು ಊರಿನ ಚರಿತ್ರೆಯ ದಾಖಲೆಗಳೂ ಆಗಿರುವುದರಿಂದ, ಪುನರ್‌ನಿರ್ಮಾಣವನ್ನು ಕೋರುವ ಮುನ್ನ ದುರಸ್ತಿಯ ಸಾಧ್ಯತೆಯನ್ನು ಪರಿಶೀಲಿಸುವುದು ಅಪೇಕ್ಷಣೀಯ.