ಸೆರೆಮನೆಯ ಅಂಗಳದಲ್ಲಿ ಧರಣಿ

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಫ್ರೀಡಂ ಪಾರ್ಕ್‌ ಹಿಂದೆ ಸೆಂಟ್ರಲ್ ಜೈಲಾಗಿತ್ತು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಖಾಲಿ ಬಿದ್ದಿದ್ದ ಸುಮಾರು 21 ಎಕರೆ ಜಾಗವನ್ನು 2008ರಲ್ಲಿ ಉದ್ಯಾನವಾಗಿ ತೆರೆದಾಗ ನಡುವಿನ ಕಾವಲು ಗೋಪುರವನ್ನೂ ಕೆಲವು ಬ್ಯಾರಕ್‌ಗಳನ್ನೂ ಉಳಿಸಿಕೊಂಡರು. ಒಂದು ಬದಿಯನ್ನು ಸಭೆ, ಧರಣಿಗಳಿಗೆ ಬಿಟ್ಟುಕೊಟ್ಟರು. ವಾಯುವಿಹಾರಕ್ಕೆ ಬರುವವರಿಗೆ ಘೋಷಣೆ, ಶಾಮಿಯಾನಗಳ ಆ ಭಾಗ ಉದ್ಯಾನಕ್ಕೆ ಒಗ್ಗದ ಗದ್ದಲವೆನಿಸಬಹುದು. ನನಗಂತೂ ಇಡೀ ಸ್ಮಾರಕಕ್ಕೆ ಜೀವವಿರುವುದೇ ಅಲ್ಲಿ ಎನಿಸುತ್ತದೆ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿದಾಗ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬಂಧಿಸಿ ಇಲ್ಲಿಟ್ಟರು. ಮುಂದೆ ಅವರೆಲ್ಲ ಅಧಿಕಾರಕ್ಕೇರಿದ್ದರಿಂದ ಆ ಸೆರೆವಾಸದ ಕಥೆ ಮತ್ತೆ ಮತ್ತೆ ಕೇಳಿಬರುತ್ತದೆ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರ ನೆನಪು ಅಷ್ಟಾಗಿ ಉಳಿದಿಲ್ಲ. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ 1976ರಲ್ಲಿ ಬಂಧಿತರಾದ ಅವರು, ಮೊದಲೇ ಇದ್ದ ಆಸ್ತಮಾ ಉಲ್ಬಣಿಸುತ್ತಿದ್ದರೂ ತಿಂಗಳುಗಟ್ಟಲೆ ಈ ಗೋಡೆಗಳೊಳಗೆ ಕಳೆದರು. ಪೆರೋಲ್ ಸಿಕ್ಕ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಭಿನ್ನಮತಕ್ಕೆ ಇಷ್ಟು ಬೆಲೆ ತೆರಬೇಕಾಗಿದ್ದ ನೆಲದಲ್ಲೇ 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಅಹೋರಾತ್ರಿ ಧರಣಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆಯನ್ನು ಮುಖ್ಯಮಂತ್ರಿಯಿಂದ ಪಡೆದರು. ಯಾವ ಶಿಲಾಫಲಕವೂ ಸ್ವಾತಂತ್ರ್ಯದ ಅರ್ಥವನ್ನು ಇಷ್ಟು ಸ್ಪಷ್ಟವಾಗಿ ಹೇಳಲಾರದು.

ಆದರೆ 2021ರ ಪೊಲೀಸ್ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗೆ ಇದೊಂದೇ ಜಾಗ. ಮೆರವಣಿಗೆಗಳಿಂದ ಸಂಚಾರ ಕಟ್ಟಿಹೋಗಿ ರೋಗಿಗಳು, ನೌಕರರು, ವಿದ್ಯಾರ್ಥಿಗಳು ಪಟ್ಟ ಪಾಡಿನಿಂದ ಹುಟ್ಟಿದ ಆದೇಶವದು. ಹೈಕೋರ್ಟ್ ಕೂಡ ಈ ತೊಂದರೆಯನ್ನು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತ್ತು. ಆ ಸಂಕಟವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೂ ಬಡಾವಣೆಯ ಕುಡಿಯುವ ನೀರಿನ ತಕರಾರಿಗೆ ಅಲ್ಲಿಯ ಜನ ತಮ್ಮದೇ ವಾರ್ಡ್ ಕಚೇರಿಯ ಮುಂದೆ ಶಾಂತವಾಗಿ ನಿಂತರೆ ಯಾವ ಆಂಬುಲೆನ್ಸ್ ನಿಲ್ಲುತ್ತದೆ? ದಟ್ಟಣೆಯ ರಸ್ತೆಗೆ ಬೇಕಾದ ನಿಯಮವನ್ನು ಇಡೀ ಊರಿಗೆ ಹೊದಿಸಿದ್ದೇ ತಪ್ಪು. ರಜಾದಿನಗಳಲ್ಲಿ, ಮೊದಲೇ ಗೊತ್ತುಮಾಡಿದ ಹಾದಿಯಲ್ಲಿ, ರಸ್ತೆಯ ಒಂದು ಬದಿಯನ್ನು ವಾಹನಗಳಿಗೆ ಬಿಟ್ಟು ಮೆರವಣಿಗೆ ನಡೆಸಲು ಅನುಮತಿ ಕೊಡಬಹುದು. ಚಿಕ್ಕ ಸಭೆಗಳಿಗೆ ಪ್ರತಿ ವಲಯದಲ್ಲೂ ಒಂದು ಮೈದಾನ ಗುರುತಿಸಬಹುದು. ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಿನಲ್ಲಿ ಬಂದು ಫ್ರೀಡಂ ಪಾರ್ಕ್‌ನಲ್ಲಿ ಕೂರುವವರಿಗೆ ನೆರಳು, ನೀರು, ಶೌಚಾಲಯಗಳನ್ನು ಸರ್ಕಾರವೇ ಒದಗಿಸಬೇಕು.